ಸ್ಲ್ಯಾಷ್ 26ರಲ್ಲಿ ಎಷ್ಟು ಸಾಧನ ಕೂರುತ್ತವೆ?

ಕಳೆದ ಸಂಚಿಕೆಯಲ್ಲಿ ಮಾತಿನ ಭರದಲ್ಲಿ ಒಂದು ಸಾಲು ಬರೆದುಬಿಟ್ಟಿದ್ದೆ. "ಸ್ಲ್ಯಾಷ್ 24 ಅಂದರೆ 254 ಸಾಧನ, ಮುಂದಿನ ಲೆಕ್ಕ ನೀವೇ ಹಾಕಿಕೊಳ್ಳಿ" ಅಂತ. ಹಾಕಿಕೊಂಡವರು, ಹಾಕಿ ತಪ್ಪಿದವರು, "ಹೇಗೆ ಹಾಕುವುದು ಅಂತ ಹೇಳದೆ ಜಾರಿಕೊಂಡಿರಲ್ಲ" ಅಂತ ಬೈದವರು, ಎಲ್ಲರ ಪತ್ರಗಳೂ ಬಂದಿವೆ. ಬೈದವರದ್ದೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಸಬ್‌ನೆಟ್, ಅಂದರೆ ನೆಟ್‌ವರ್ಕ್‌ನ ಒಂದು ತುಂಡು, ಅದೊಂದನ್ನೇ ಹಿಡಿದುಕೊಂಡಿದ್ದೇನೆ.

ಪ್ರಶ್ನೆ: ನಾನು ಕಂಪ್ಯೂಟರ್ ವಿದ್ಯಾರ್ಥಿನಿ. ಪರೀಕ್ಷೆಯಲ್ಲಿ "192.168.10.0/26 ಸಬ್‌ನೆಟ್‌ನಲ್ಲಿ ಎಷ್ಟು ಹೋಸ್ಟ್?" ಅಂತ, ಅಂದರೆ ಎಷ್ಟು ಸಾಧನ ಅಂತ, ಕೇಳಿದ್ದರು. 64 ಅಂತ ಬರೆದೆ. ಸರಿ ಉತ್ತರ 62 ಅಂತೆ. ಆ ಎರಡು ಎಲ್ಲಿ ಹೋದವು? ಕ್ಯಾಲ್ಕುಲೇಟರ್ ಇಲ್ಲದೆ ಬೇಗ ಲೆಕ್ಕ ಹಾಕುವ ದಾರಿ ಇದೆಯಾ?

ಉತ್ತರ: ನಿಮ್ಮ ತಪ್ಪು ನನ್ನ ತಪ್ಪಿಗಿಂತ ಎಷ್ಟೋ ಮೇಲು. ನನ್ನ ಮೊದಲ ಕೆಲಸದ ಸಂದರ್ಶನದಲ್ಲಿ ಇದೇ ಪ್ರಶ್ನೆ ಬಂದಿತ್ತು. ಸ್ಲ್ಯಾಷ್ 24ರಲ್ಲಿ 254 ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದನ್ನು ನಾಲ್ಕು ಪಾಲು ಮಾಡಿದರೆ ಸ್ಲ್ಯಾಷ್ 26 ಅಂತಲೂ ಗೊತ್ತಿತ್ತು. ಸರಿ, 254ನ್ನು 4ರಿಂದ ಭಾಗಿಸಿದೆ. 63.5 ಬಂತು. ಧೈರ್ಯವಾಗಿ ಹೇಳಿಯೂಬಿಟ್ಟೆ. ಎದುರಿಗೆ ಕೂತಿದ್ದವರು ನಗಲಿಲ್ಲ. "ಆ ಅರ್ಧ ಕಂಪ್ಯೂಟರ್ ಯಾವುದಪ್ಪಾ?" ಅಂತ ಮೆಲ್ಲಗೆ ಕೇಳಿದರು. ಕೆಲಸ ಸಿಗಲಿಲ್ಲ. ಲೆಕ್ಕ ಮಾತ್ರ ತಲೆಯಲ್ಲಿ ಉಳಿಯಿತು.

ಐಪಿ ವಿಳಾಸದಲ್ಲಿ ಒಟ್ಟು 32 ಬಿಟ್. ಚುಕ್ಕಿಗಳ ನಡುವಿನ ನಾಲ್ಕು ಅಂಕಿಗಳಿಗೆ ತಲಾ 8 ಬಿಟ್. ಸ್ಲ್ಯಾಷ್ ಆದಮೇಲೆ ಬರುವ ಸಂಖ್ಯೆ, ಅದರಲ್ಲಿ ಎಷ್ಟು ಬಿಟ್ ನೆಟ್‌ವರ್ಕ್‌ಗೆ ಮೀಸಲು ಅಂತ ಹೇಳುತ್ತದೆ. 26 ಮೀಸಲಾದರೆ ಉಳಿದದ್ದು 6. ಈ ಆರೇ ಸಾಧನಗಳ ಪಾಲು. ಪ್ರತಿ ಬಿಟ್‌ಗೂ 0 ಅಥವಾ 1, ಎರಡೇ ಆಯ್ಕೆ. ಹಾಗಾಗಿ ಆರು ಬೆರಳು ಮಡಚುತ್ತಾ ದುಪ್ಪಟ್ಟು ಮಾಡುತ್ತಾ ಹೋಗಿ: 2, 4, 8, 16, 32, 64. ಇಲ್ಲಿವರೆಗೆ ನೀವು ಸರಿಯಾಗಿಯೇ ಬಂದಿದ್ದೀರಿ. ನಾನು ಈಗಲೂ ಹೀಗೇ ಬೆರಳು ಮಡಚುತ್ತೇನೆ, ನಾಚಿಕೆ ಏನಿಲ್ಲ.

ಈಗ ಆ 64ನ್ನು ಸಾಲಾಗಿ ನಿಲ್ಲಿಸಿ. ಕೊನೆಯ ಅಂಕಿ 0ರಿಂದ 63ರವರೆಗೆ. ಆರೂ ಬಿಟ್ 0 ಆಗಿರುವುದು 192.168.10.0. ಇದು ಸಬ್‌ನೆಟ್‌ನ ಹೆಸರು. ಆರೂ ಬಿಟ್ 1 ಆಗಿರುವುದು 192.168.10.63. ಇದು ಬ್ರಾಡ್‌ಕಾಸ್ಟ್ ವಿಳಾಸ, ಅಂದರೆ ಸಬ್‌ನೆಟ್‌ನಲ್ಲಿ ಇರುವ ಎಲ್ಲರಿಗೂ ಒಟ್ಟಿಗೆ ಕೂಗುವ ವಿಳಾಸ. ಇವೆರಡನ್ನೂ ಯಾವ ಸಾಧನಕ್ಕೂ ಕೊಡುವಂತಿಲ್ಲ. 1ರಿಂದ 62ರವರೆಗೆ ಉಳಿಯಿತು. ಅದೇ ನಿಮ್ಮ 62.

ನಾನು ಎಡವಿದ್ದು ಎಲ್ಲಿ ಅಂದರೆ, ಎರಡನ್ನು ಮೊದಲೇ ಕಳೆದು ಆಮೇಲೆ ಪಾಲು ಮಾಡಿದೆ. ಮಾಡಬೇಕಾದ್ದು ತಿರುಗಾಮುರುಗಾ. ಮೊದಲು ಸ್ಲ್ಯಾಷ್ 24ರ ಪೂರ್ತಿ 256ನ್ನು ನಾಲ್ಕು ಪಾಲು ಮಾಡಿ, ಆಮೇಲೆ ಪ್ರತಿ ಪಾಲಿನಿಂದಲೂ ಎರಡೆರಡು ಕಳೆಯಬೇಕು. ನಾಲ್ಕು ಪಾಲಿಗೆ ತಲಾ 62, ಒಟ್ಟು 248. ಒಂದೇ ತುಂಡಾಗಿದ್ದಾಗ 254 ಇತ್ತು. ಪಾಲು ಮಾಡಿದ್ದಕ್ಕೆ ಆರು ವಿಳಾಸ ದಂಡ ಕಟ್ಟಿದಂತಾಯಿತು.

ಪರೀಕ್ಷೆಯಲ್ಲಿ ಸ್ಲ್ಯಾಷ್ ಬದಲು ಮಾಸ್ಕ್, ಅಂದರೆ ಅದೇ ಮೀಸಲು ಬಿಟ್‌ಗಳನ್ನು ನಾಲ್ಕು ಅಂಕಿಗಳಲ್ಲಿ ಬರೆದದ್ದು, ಕೊಟ್ಟರೆ ಇನ್ನೂ ಸುಲಭ. ಮೊದಲ ಮೂರು ಅಂಕಿ 255 ಆಗಿದ್ದರೆ ಮಾಸ್ಕ್‌ನ ಕೊನೆಯ ಅಂಕಿಯನ್ನು 256ರಿಂದ ಕಳೆಯಿರಿ. 255.255.255.192 ಆದರೆ 256ರಲ್ಲಿ 192 ಹೋದರೆ 64, ಅದರಲ್ಲಿ ಎರಡು ಹೋದರೆ 62. 255.255.255.224 ಆದರೆ 32, ಅಂದರೆ 30. 240 ಆದರೆ 16, ಅಂದರೆ 14. ಒಂದು ಎಚ್ಚರಿಕೆ. ಬ್ರಾಡ್‌ಕಾಸ್ಟ್ ಅಂದರೆ ಕೊನೆಗೆ 255 ಇರಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸ್ಲ್ಯಾಷ್ 26ರ ನಾಲ್ಕು ಪಾಲುಗಳಲ್ಲಿ ಅದು 63, 127, 191 ಮತ್ತು 255. ಕೊನೆಯ ಪಾಲಿಗೆ ಮಾತ್ರ 255.

ಪ್ರಶ್ನೆ: ಬ್ರಾಡ್‌ಕಾಸ್ಟ್‌ಗೆ ಒಂದು ಬೇಕು, ಒಪ್ಪಿದೆ. ಸೊನ್ನೆಯನ್ನು ಯಾಕೆ ಸುಮ್ನೆ ಹಾಳು ಮಾಡುತ್ತಾರೆ? ಹೆಸರು ಇರಲಿ, ವಿಳಾಸವೂ ಆಗಿರಲಿ, ಯಾರಿಗೇನು ನಷ್ಟ? ಇನ್ನೊಂದು, ನನ್ನ ಹತ್ತಿರ ಇರುವ ಹಳೆಯ ಪುಸ್ತಕದಲ್ಲಿ ಸಬ್‌ನೆಟ್‌ಗಳ ಸಂಖ್ಯೆಯಿಂದಲೂ 2 ಕಳೆಯಿರಿ ಅಂತ ಬರೆದಿದೆ.

ಉತ್ತರ: ಒಳ್ಳೆಯ ಜಗಳ ತೆಗೆದಿದ್ದೀರಿ. ಇದಕ್ಕೆ ಹಳೆಯ ಕಾರಣವೊಂದಿದೆ. 1983ರ 4.2 ಬಿಎಸ್‌ಡಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಎಲ್ಲ ಸೊನ್ನೆಯ ವಿಳಾಸವೇ ಬ್ರಾಡ್‌ಕಾಸ್ಟ್ ಆಗಿತ್ತು. ಎಲ್ಲ ಒಂದರ ವಿಳಾಸ ಬ್ರಾಡ್‌ಕಾಸ್ಟ್ ಅಂತ ಗಟ್ಟಿಯಾದದ್ದು ಆಮೇಲೆ. ಆ ಹಳೆಯ ಯಂತ್ರಗಳ ಜೊತೆ ಗೊಂದಲ ಆಗಬಾರದು ಅಂತ ಸೊನ್ನೆಯನ್ನು ಯಾರಿಗೂ ಕೊಡದೆ ಉಳಿಸಿಕೊಂಡರು. ಆ ಯಂತ್ರಗಳೆಲ್ಲ ಗುಜರಿ ಸೇರಿ ಎಷ್ಟೋ ಕಾಲವಾಯಿತು. ಅಭ್ಯಾಸ ಮಾತ್ರ ಉಳಿಯಿತು.

ನಿಮ್ಮ ಪುಸ್ತಕ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ವಯಸ್ಸಾಗಿದೆ ಅಷ್ಟೇ. ಸಬ್‌ನೆಟ್ ಮಾಡುವ ವಿಧಾನವನ್ನು ಜೆಫ್ ಮೊಗಲ್ ಮತ್ತು ಜಾನ್ ಪೋಸ್ಟೆಲ್ 1985ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 950 ಅನ್ನುವ ದಾಖಲೆಯಲ್ಲಿ ಬರೆದಿಟ್ಟರು. ಅದರಲ್ಲಿ ಮೊದಲ ಸಬ್‌ನೆಟ್ಟನ್ನೂ ಕೊನೆಯ ಸಬ್‌ನೆಟ್ಟನ್ನೂ ಬಳಸಬೇಡಿ ಅಂತಿತ್ತು. ಅದಕ್ಕೇ ಆ ಇನ್ನೊಂದು "2 ಕಳೆಯಿರಿ". 1995ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 1878 ಆ ಪದ್ಧತಿಗೆ ಕಾಲ ಮುಗಿಯಿತು ಅಂದಿತು. ಈಗ ಸಬ್‌ನೆಟ್ ಲೆಕ್ಕದಲ್ಲಿ ಕಳೆಯಬೇಡಿ, ಹೋಸ್ಟ್ ಲೆಕ್ಕದಲ್ಲಿ ಮಾತ್ರ ಕಳೆಯಿರಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ 180 ಜನ ಇದ್ದೇವೆ. ನೆಟ್‌ವರ್ಕ್ ಸ್ಲ್ಯಾಷ್ 24. ನಿಮ್ಮದೇ ಲೆಕ್ಕದಲ್ಲಿ 254 ಜಾಗ ಇರಬೇಕು. ಆದರೂ ಬೆಳಿಗ್ಗೆ ಹತ್ತೂವರೆ ಆದಮೇಲೆ ಬಂದವರ ಫೋನ್‌ಗೆ ವೈಫೈ ಸಿಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ 169.254 ಅಂತ ಶುರುವಾಗುವ ಏನೋ ವಿಚಿತ್ರ ವಿಳಾಸ. ನಾನು ಲೆಕ್ಕಪತ್ರ ವಿಭಾಗದವನು, ನೆಟ್‌ವರ್ಕ್ ಉಸ್ತುವಾರಿ ಹೇಗೋ ನನ್ನ ತಲೆಗೆ ಬಂದಿದೆ.

ಉತ್ತರ: ಲೆಕ್ಕಪತ್ರದವರಿಗೆ ಇದು ಬೇಗ ಹತ್ತುತ್ತದೆ. ನೀವು ಜನರನ್ನು ಎಣಿಸಿದ್ದೀರಿ. ಸಬ್‌ನೆಟ್ ಜನರನ್ನು ಎಣಿಸುವುದಿಲ್ಲ, ವಿಳಾಸ ಕೇಳುವ ಪ್ರತಿ ವಸ್ತುವನ್ನೂ ಎಣಿಸುತ್ತದೆ. ಒಬ್ಬರಿಗೆ ಒಂದು ಲ್ಯಾಪ್‌ಟಾಪ್, ಒಂದು ಫೋನ್. ಅಲ್ಲಿಗೇ 360 ಆಯಿತು. ಹತ್ತೂವರೆಗೆ ಮುಂಚೆ ಬಂದವರು ಜಾಗ ಹಿಡಿದಿದ್ದಾರೆ, ಆಮೇಲೆ ಬಂದವರು ಬಾಗಿಲಲ್ಲಿ ನಿಂತಿದ್ದಾರೆ.

ಆ 169.254 ವಿಚಿತ್ರ ಏನಲ್ಲ. ವಿಳಾಸ ಕೇಳಿ ಕೇಳಿ ಉತ್ತರ ಸಿಗದಿದ್ದಾಗ ಕಂಪ್ಯೂಟರ್ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಅದರಿಂದ ಹೊರಗೆ ಹೋಗಲು ಆಗುವುದಿಲ್ಲ. ನನಗೆ ಅದು ಕಂಡರೆ ಮೊದಲು ಡಿಎಚ್‌ಸಿಪಿ ಕಡೆ ತಿರುಗುತ್ತೇನೆ, ಅಂದರೆ ವಿಳಾಸ ಹಂಚುವ ಸೇವೆಯ ಕಡೆ.

ನೀವೂ ಮೊದಲು ಅಲ್ಲೇ ಹೋಗಿ. ರೂಟರ್‌ನ ಪುಟ ತೆರೆದು ಎರಡು ವಿಷಯ ನೋಡಿ. ಒಂದು, ಪೂಲ್, ಅಂದರೆ ಹಂಚಲು ಇಟ್ಟ ವಿಳಾಸಗಳ ಸಾಲು, ಎಲ್ಲಿಂದ ಎಲ್ಲಿಗೆ ಇದೆ. ಸಬ್‌ನೆಟ್‌ನಲ್ಲಿ 254 ಇದ್ದರೂ ಪೂಲ್ 100ರಿಂದ 199ರವರೆಗೆ ಅಂತ ಇಟ್ಟಿದ್ದರೆ ಹಂಚಲು ಸಿಗುವುದು ನೂರೇ. ಎಷ್ಟೋ ಕಡೆ ಹೊಸ ರೂಟರ್ ತಂದವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಎರಡು, ಲೀಸ್ ಅವಧಿ. ಒಂದು ವಿಳಾಸ ಕೊಟ್ಟಮೇಲೆ ಎಷ್ಟು ಹೊತ್ತು ಅದನ್ನು ಬೇರೆಯವರಿಗೆ ಕೊಡುವುದಿಲ್ಲ ಅನ್ನುವುದು ಲೀಸ್. ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿಯಲ್ಲಿ ನೀವೇನೂ ಬದಲಾಯಿಸದಿದ್ದರೆ ಅದು 8 ದಿನ. ಸೋಮವಾರ ಬಂದು ಅರ್ಧ ಗಂಟೆ ಕೂತು ಹೋದ ಅತಿಥಿಯ ಫೋನ್ ಮುಂದಿನ ಮಂಗಳವಾರದವರೆಗೆ ನಿಮ್ಮ ಒಂದು ಜಾಗ ಹಿಡಿದುಕೊಂಡಿರುತ್ತದೆ. ಸಾಲದ್ದಕ್ಕೆ ಈಗಿನ ಕೆಲವು ಫೋನ್‌ಗಳು ಗುರುತು ಸಿಗಬಾರದು ಅಂತ ತಮ್ಮ ಎಂಎಸಿ ವಿಳಾಸವನ್ನೇ, ಅಂದರೆ ನೆಟ್‌ವರ್ಕ್ ತಮ್ಮನ್ನು ಗುರುತಿಸುವ ಸಂಖ್ಯೆಯನ್ನೇ, ಆಗಾಗ ಬದಲಾಯಿಸುತ್ತವೆ. ಡಿಎಚ್‌ಸಿಪಿ ಕಣ್ಣಿಗೆ ಅದು ಹೊಸ ಫೋನ್. ಹಳೆಯ ಲೀಸ್ ಮುಗಿದಿಲ್ಲ, ಹೊಸದು ಶುರುವಾಯಿತು. ಒಂದೇ ಫೋನ್, ಎರಡು ಜಾಗ.

ಇವತ್ತೇ ಮಾಡಬಹುದಾದ್ದು ಇಷ್ಟು. ಪೂಲ್ ಅಗಲ ಮಾಡಿ, ಫೋನ್‌ಗಳು ಬರುವ ವೈಫೈಗೆ ಲೀಸ್ ನಾಲ್ಕು ಗಂಟೆಗೆ ಇಳಿಸಿ. ಇದರಿಂದ ಅತಿಥಿಗಳ ಕಾಟ ತಪ್ಪುತ್ತದೆ. ಆದರೆ ನಿಮ್ಮ 360 ಹಾಗೇ ಇರುತ್ತದೆ, ಅದಕ್ಕೆ ಜಾಗವನ್ನೇ ದೊಡ್ಡದು ಮಾಡಬೇಕು.

ಒಂದು ಹಾಳೆ ತೆಗೆದುಕೊಂಡು ಕಚೇರಿಯಲ್ಲಿ ಒಂದು ಸುತ್ತು ನಡೆಯಿರಿ. ನಾನು ಹೊಸ ಜಾಗಕ್ಕೆ ಹೋದರೆ ಮಾಡುವ ಮೊದಲ ಕೆಲಸವೇ ಇದು. ಮೇಜಿನ ಮೇಲಿರುವುದನ್ನು ನೋಡಬೇಡಿ, ಗೋಡೆ ಮತ್ತು ಸೀಲಿಂಗ್ ನೋಡಿ. ಅಲ್ಲಿಯೇ ಮರೆತುಹೋದವು ಇರುತ್ತವೆ. ನಿಮ್ಮಂಥ ಕಚೇರಿಯಲ್ಲಿ ಪ್ರಿಂಟರ್ 12, ಕ್ಯಾಮೆರಾ 20, ವೈಫೈ ಆ್ಯಕ್ಸೆಸ್ ಪಾಯಿಂಟ್ 8, ವಿಳಾಸ ಇರುವ ಸ್ವಿಚ್ 5 ಸಿಕ್ಕವು ಅಂತ ಇಟ್ಟುಕೊಳ್ಳೋಣ. ರೂಟರ್ 1. ರೂಟರನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಅದಕ್ಕೂ ಅದೇ ಸಬ್‌ನೆಟ್‌ನಲ್ಲಿ ಒಂದು ವಿಳಾಸ ಬೇಕು. ಎಲ್ಲ ಕೂಡಿದರೆ 406. ಸ್ಲ್ಯಾಷ್ 23 ಅಂದರೆ 9 ಬಿಟ್, 512ರಲ್ಲಿ ಎರಡು ಹೋಗಿ 510. ಹಿಡಿಯುತ್ತದೆ.

ಹಿಡಿಯುತ್ತದೆ ನಿಜ, ಆದರೆ ನಾನಾದರೆ ಎಲ್ಲವನ್ನೂ ಒಂದರಲ್ಲೇ ತುಂಬುವುದಿಲ್ಲ. ಒಂದು ಸಾಧನ ಬ್ರಾಡ್‌ಕಾಸ್ಟ್ ಮಾಡಿದರೆ ಸಬ್‌ನೆಟ್‌ನಲ್ಲಿರುವ ಎಲ್ಲವೂ ಅದನ್ನು ಕೇಳಿಸಿಕೊಳ್ಳಬೇಕು. ವೈಫೈನಲ್ಲಿ ಈ ಕೂಗು ನಿಧಾನದ ವೇಗದಲ್ಲಿ ಹೋಗುತ್ತದೆ, ಅಷ್ಟು ಹೊತ್ತು ಬೇರೆಯವರು ಕಾಯಬೇಕು. ನಾನಂತೂ ಒಂದು ಸಬ್‌ನೆಟ್‌ನಲ್ಲಿ 500 ದಾಟಿಸುವುದಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ನನ್ನ ಅಭ್ಯಾಸ.

ಒಳಗಿನ ವಿಳಾಸಗಳಿಗೆ ಜಿಪುಣತನ ಬೇಕಾಗಿಯೂ ಇಲ್ಲ. ಖಾಸಗಿ ಬಳಕೆಗೆ ಅಂತ ಬಿಟ್ಟಿರುವ 10.0.0.0/8 ಒಂದರಲ್ಲೇ 1,67,77,216 ವಿಳಾಸ ಇವೆ. ಲ್ಯಾಪ್‌ಟಾಪ್ ಮತ್ತು ಪ್ರಿಂಟರ್‌ಗಳಿಗೆ 10.20.0.0/23, ಫೋನ್‌ಗಳಿಗೆ 10.20.2.0/23, ಕ್ಯಾಮೆರಾಗಳಿಗೆ 10.20.4.0/26. ಪ್ರತಿಯೊಂದಕ್ಕೂ ಬೇರೆ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರೆ ಮಾಡಿದ ನೆಟ್‌ವರ್ಕ್), ಬೇರೆ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೂಟರ್‌ನ ವಿಳಾಸ). ಕ್ಯಾಮೆರಾ 20 ಇರುವುದಕ್ಕೆ 30 ಹಿಡಿಯುವ ಸ್ಲ್ಯಾಷ್ 27 ಸಾಕಲ್ವಾ ಅಂತ ಕೇಳಬಹುದು. ಇವತ್ತಿಗೆ ಸಾಕು. ಕ್ಯಾಮೆರಾ ಕಡಿಮೆ ಮಾಡಿದ ಕಚೇರಿಯನ್ನು ನಾನು ನೋಡಿಲ್ಲ.

ಪ್ರಶ್ನೆ: ನಾವು ಸ್ವಲ್ಪ ಬುದ್ಧಿವಂತರಾಗಿ 192.168.1.0/24 ಇದ್ದದ್ದನ್ನು ಸ್ಲ್ಯಾಷ್ 23 ಮಾಡಿದೆವು. 192.168.2 ಅಂತ ಶುರುವಾಗುವ ವಿಳಾಸ ಸಿಗುತ್ತವೆ ಅಂದುಕೊಂಡರೆ ರೂಟರ್ ಒಪ್ಪಲಿಲ್ಲ. 192.168.0 ಹಾಕಿದರೆ ಒಪ್ಪಿತು. ಈಗ ಆ ಹೊಸ ವಿಳಾಸ ಸಿಕ್ಕವರಿಗೆ ಮಾತ್ರ ಪ್ರಿಂಟ್ ಬರುತ್ತಿಲ್ಲ. ಇಂಟರ್‌ನೆಟ್ ಚೆನ್ನಾಗಿದೆ.

ಉತ್ತರ: ಪತ್ರ ಓದಿ ನನಗೆ ಹಳೆಯ ಗಾಯ ಕೆರೆದಂತಾಯಿತು. ಎರಡೂ ಪ್ರಶ್ನೆಗೆ ಉತ್ತರ ಇದೆ.

ಮೊದಲನೆಯದು. ಸ್ಲ್ಯಾಷ್ 23 ಅಂದರೆ 9 ಬಿಟ್ ಸಾಧನಗಳ ಪಾಲು. ಕೊನೆಯ ಅಂಕಿಯ 8 ಬಿಟ್, ಮೂರನೇ ಅಂಕಿಯ ಕೊನೆಯ ಒಂದು ಬಿಟ್. ಮೂರನೇ ಅಂಕಿ 1 ಇದ್ದರೆ ಆ ಕೊನೆಯ ಬಿಟ್ಟೇ 1. ಅದು ಈಗ ನೆಟ್‌ವರ್ಕ್‌ಗೆ ಸೇರಿದ್ದಲ್ಲ. ಹಾಗಾಗಿ ಜೋಡಿ ಯಾವಾಗಲೂ ಸರಿಸಂಖ್ಯೆಯಿಂದ ಶುರು: 0 ಮತ್ತು 1, 2 ಮತ್ತು 3, 4 ಮತ್ತು 5. ನಿಮ್ಮ 1ರ ಜೋಡಿ 0, 2 ಅಲ್ಲ. ನಿಮ್ಮ ಹೊಸ ಸಬ್‌ನೆಟ್ 192.168.0.0ಯಿಂದ 192.168.1.255ರವರೆಗೆ. ರೂಟರ್ ಸರಿಯಾಗಿಯೇ ಹಟ ಮಾಡಿದೆ.

ಎರಡನೆಯದು ಪ್ರಿಂಟರ್. ಪ್ರಿಂಟರ್‌ಗೆ ವಿಳಾಸವನ್ನು ಕೈಯಿಂದ ಹಾಕಿದ್ದೀರಿ ಅಲ್ವಾ? ಹಾಗಿದ್ದರೆ ಅದರ ಮಾಸ್ಕ್ ಇನ್ನೂ 255.255.255.0 ಇರುತ್ತದೆ. ನೀವು ರೂಟರ್‌ನಲ್ಲಿ ಬದಲಾಯಿಸಿದರೆ ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವವರಿಗೆ ಮಾತ್ರ ಹೊಸ ಮಾಸ್ಕ್ ಹೋಗುತ್ತದೆ. ಪ್ರಿಂಟರ್‌ಗೆ ಸುದ್ದಿಯೇ ಇಲ್ಲ.

ನನಗೆ ಆದದ್ದು ಹಾಜರಿ ಮೆಷಿನ್‌ನಲ್ಲಿ. ಬೆರಳು ಒತ್ತಿದರೆ ಕೀಂ ಅನ್ನುವ ಪುಟ್ಟ ಡಬ್ಬಿ. ಅದರ ವಿಳಾಸ 192.168.0.60. ಶನಿವಾರ ಸಂಜೆ ಸ್ಲ್ಯಾಷ್ 24ನ್ನು 23 ಮಾಡಿ, ಎಲ್ಲ ಕಡೆ ಇಂಟರ್‌ನೆಟ್ ನೋಡಿ, ಖುಷಿಯಾಗಿ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಹಾಜರಿ ತೆಗೆಯುವ ಕಂಪ್ಯೂಟರ್‌ಗೆ 192.168.1 ಸಾಲಿನ ವಿಳಾಸ ಸಿಕ್ಕಿತು. ಮೆಷಿನ್ ಮೌನ. ಪಕ್ಕದ ಮೇಜಿನ ಕಂಪ್ಯೂಟರ್‌ನಿಂದ ನೋಡಿದರೆ ಅದೇ ಮೆಷಿನ್ ಚೆನ್ನಾಗಿ ಮಾತಾಡುತ್ತದೆ. ಅದಕ್ಕೆ ಸಿಕ್ಕಿದ್ದು 192.168.0 ಸಾಲಿನದು, ಅದನ್ನು ನಾನು ಗಮನಿಸಲೇ ಇಲ್ಲ. ಕೇಬಲ್ ಬದಲಾಯಿಸಿದೆ. ಸ್ವಿಚ್‌ನ ಪೋರ್ಟ್ ಬದಲಾಯಿಸಿದೆ. ಕಂಪ್ಯೂಟರ್‌ಗೆ ವೈರಸ್ ಇರಬಹುದು ಅಂತ ಅದಕ್ಕೂ ಒಂದು ಗಂಟೆ ಕಳೆದೆ. ಮಧ್ಯಾಹ್ನ ಮೆಷಿನ್‌ನ ಮೆನು ಒಳಗೆ ಹೋಗಿ ನೋಡಿದರೆ ಮಾಸ್ಕ್ 255.255.255.0, ಗೇಟ್‌ವೇ ಖಾಲಿ.

ಒಳಗೆ ಆಗಿದ್ದು ಇಷ್ಟೇ. ಕಂಪ್ಯೂಟರ್‌ನ ಮಾಸ್ಕ್ ಪ್ರಕಾರ ಮೆಷಿನ್ ಅದೇ ಸಬ್‌ನೆಟ್‌ನದು, ಹಾಗಾಗಿ ನೇರವಾಗಿ ಮಾತಾಡಿಸಿತು. ಮೆಷಿನ್‌ನ ಹಳೆಯ ಮಾಸ್ಕ್ ಪ್ರಕಾರ 192.168.1 ಸಾಲಿನವರು ಹೊರಗಿನವರು. ಹೊರಗಿನವರಿಗೆ ಉತ್ತರ ಕೊಡಬೇಕಾದರೆ ಗೇಟ್‌ವೇ ಮೂಲಕ ಕಳಿಸಬೇಕು. ಗೇಟ್‌ವೇ ಖಾಲಿ. ಮಾತು ಕೇಳಿಸಿತು, ಉತ್ತರ ಕಳಿಸಲು ದಾರಿ ಇರಲಿಲ್ಲ.

ನೀವು ಪ್ರಿಂಟರ್‌ಗೆ ಹೋಗಿ ಮಾಸ್ಕ್ 255.255.254.0 ಮಾಡಿ. ಕೈಯಿಂದ ವಿಳಾಸ ಹಾಕಿದ ಪ್ರತಿಯೊಂದಕ್ಕೂ ಇದೇ ಮಾಡಬೇಕು. ಗೇಟ್‌ವೇ ಭರ್ತಿ ಮಾಡಿದ್ದ ಸಾಧನಗಳು ಹಳೆಯ ಮಾಸ್ಕ್‌ನಲ್ಲೂ ಒಮ್ಮೊಮ್ಮೆ ಕೆಲಸ ಮಾಡಿಬಿಡುತ್ತವೆ, ಏಕೆಂದರೆ ರೂಟರ್ ಉತ್ತರವನ್ನು ತೆಗೆದುಕೊಂಡು ವಾಪಸ್ ಅದೇ ಕಡೆ ತಿರುಗಿಸಿ ಕಳಿಸುತ್ತದೆ. ಅದನ್ನು ನಂಬಿಕೊಂಡು ಬಿಡಬೇಡಿ.

ಇನ್ನೊಂದು ಸಣ್ಣ ವಿಷಯ. ನಿಮ್ಮ ಸ್ಲ್ಯಾಷ್ 23ರಲ್ಲಿ 192.168.0.255 ಮತ್ತು 192.168.1.0 ಎರಡೂ ನಡುವಿನ ಸಾಮಾನ್ಯ ವಿಳಾಸಗಳು. ಸಾಧನಕ್ಕೆ ಕೊಡಬಹುದು. 510ರ ಲೆಕ್ಕದಲ್ಲಿ ಅವೂ ಸೇರಿವೆ. ಆದರೆ 255 ಕಂಡರೆ ಬ್ರಾಡ್‌ಕಾಸ್ಟ್ ಅಂತ ಬೆಚ್ಚುವ ಹಳೆಯ ಡಬ್ಬಿಗಳು ಇನ್ನೂ ಇವೆ. ಇವೆರಡನ್ನು ನಾನು ಪೂಲ್‌ನಿಂದ ಹೊರಗಿಡುತ್ತೇನೆ. 508 ಸಾಕು ನನಗೆ.

ಪ್ರಶ್ನೆ: 172.16.45.200/20 ಅಂತ ಕೊಟ್ಟು, ಇದು ಯಾವ ಸಬ್‌ನೆಟ್, ಅದರಲ್ಲಿ ಎಷ್ಟು ಹೋಸ್ಟ್ ಅಂತ ಕೇಳಿದರೆ ನನ್ನ ತಲೆ ಓಡುವುದೇ ಇಲ್ಲ.

ಉತ್ತರ: ಎಷ್ಟು ಅನ್ನುವುದು ಮೊದಲು. 32ರಲ್ಲಿ 20 ಹೋದರೆ 12. ಹನ್ನೆರಡು ಸಲ ದುಪ್ಪಟ್ಟು ಮಾಡಿದರೆ 4096. ಎರಡು ಕಳೆದರೆ 4094. ಹತ್ತು ಸಲಕ್ಕೆ 1024 ಅಂತ ನೆನಪಿಟ್ಟುಕೊಂಡರೆ ಮುಂದೆ ಎರಡೇ ಹೆಜ್ಜೆ.

ಯಾವುದು ಅನ್ನುವುದಕ್ಕೆ ಮಾಸ್ಕ್ ಬರೆಯಿರಿ: 255.255.240.0. 255 ಕೂಡ ಅಲ್ಲದ, ಸೊನ್ನೆಯೂ ಅಲ್ಲದ ಅಂಕಿ ಮೂರನೆಯದು, 240. 256ರಲ್ಲಿ 240 ಹೋದರೆ 16. ಮೂರನೇ ಅಂಕಿಯಲ್ಲಿ ಹದಿನಾರು ಹದಿನಾರಾಗಿ ಹೆಜ್ಜೆ ಹಾಕಿ: 0, 16, 32, 48. ನಿಮ್ಮ 45 ಇರುವುದು 32 ಮತ್ತು 48ರ ನಡುವೆ. ಹಾಗಾದರೆ ಸಬ್‌ನೆಟ್ 172.16.32.0. ಮುಂದಿನದು 48ರಿಂದ ಶುರುವಾಗುವುದರಿಂದ ಇದರ ಕೊನೆ 172.16.47.255. ಬಿಟ್‌ಗಳನ್ನು ಬಿಡಿಸಿ ಬರೆಯುವ ಕಷ್ಟವೇ ಬೇಡ.

ಪ್ರಶ್ನೆ: ನನ್ನ ಬಳಿ 192.168.5.0/24 ಇದೆ. ಒಂದು ವಿಭಾಗಕ್ಕೆ 100, ಇನ್ನೊಂದಕ್ಕೆ 50, ಮತ್ತೊಂದಕ್ಕೆ 25 ವಿಳಾಸ ಬೇಕು. ಎರಡು ರೂಟರ್‌ಗಳ ನಡುವಿನ ಲಿಂಕ್‌ಗೆ 2. ಸಣ್ಣದು ಮೊದಲು ಮುಗಿಯಲಿ ಅಂತ ಲಿಂಕ್‌ಗೆ 0ಯಿಂದ 3, ಆಮೇಲೆ ನೂರಕ್ಕೆ 4ರಿಂದ 131 ಅಂತ ಬರೆದೆ. ಸಹೋದ್ಯೋಗಿ ತಪ್ಪು ಅನ್ನುತ್ತಾರೆ. 128 ವಿಳಾಸ ಸರಿಯಾಗಿಯೇ ಇದೆಯಲ್ಲ?

ಉತ್ತರ: ಎಣಿಕೆ ಸರಿ ಇದೆ, ಶುರು ಸರಿ ಇಲ್ಲ. 128ರ ತುಂಡು 0 ಅಥವಾ 128ರಿಂದಲೇ ಶುರುವಾಗಬೇಕು. 4ರಿಂದ ಶುರುವಾಗುವ ಸ್ಲ್ಯಾಷ್ 25 ಅನ್ನುವುದು ಇಲ್ಲವೇ ಇಲ್ಲ. ಒಂದು ಕಂಪ್ಯೂಟರ್‌ಗೆ 192.168.5.4, ಮಾಸ್ಕ್ 255.255.255.128 ಅಂತ ಹಾಕಿ ನೋಡಿ. ಅದು ತನ್ನ ಸಬ್‌ನೆಟ್ 0ಯಿಂದ 127 ಅಂತಲೇ ತಿಳಿಯುತ್ತದೆ. ನೀವು 130 ಕೊಟ್ಟ ಕಂಪ್ಯೂಟರ್ ಅದಕ್ಕೆ ಹೊರಗಿನದು. ಅದೇ ಹಾಜರಿ ಮೆಷಿನ್ ಕಥೆ, ಬೇರೆ ವೇಷದಲ್ಲಿ.

ದೊಡ್ಡದರಿಂದ ಶುರು ಮಾಡಿದರೆ ಈ ತಂಟೆ ತಾನಾಗಿಯೇ ತಪ್ಪುತ್ತದೆ. ನೂರಕ್ಕೆ ಸ್ಲ್ಯಾಷ್ 25, 0ಯಿಂದ 127. ಐವತ್ತಕ್ಕೆ ಸ್ಲ್ಯಾಷ್ 26, 128ರಿಂದ 191. ಇಪ್ಪತ್ತೈದಕ್ಕೆ ಸ್ಲ್ಯಾಷ್ 27, 192ರಿಂದ 223. ಲಿಂಕ್‌ಗೆ ಸ್ಲ್ಯಾಷ್ 30, 224ರಿಂದ 227. ಇನ್ನೂ 28 ವಿಳಾಸ ಮಿಕ್ಕಿದೆ. ನಿಮ್ಮ ನೂರು, ಐವತ್ತು, ಇಪ್ಪತ್ತೈದರಲ್ಲಿ ಗೇಟ್‌ವೇ ಸೇರಿಸಿದ್ದೀರಾ ನೋಡಿಕೊಳ್ಳಿ. ಇಲ್ಲಿ ಸೇರಿಸದಿದ್ದರೂ ನಡೆಯುತ್ತದೆ. ಆದರೆ 25ರ ಬದಲು 30 ಬೇಕಿದ್ದರೆ ಸ್ಲ್ಯಾಷ್ 27 ಸಾಲುತ್ತಿರಲಿಲ್ಲ, 31ನೆಯದು ಗೇಟ್‌ವೇ.

ಪ್ರಶ್ನೆ: ಕ್ಲೌಡ್‌ನಲ್ಲಿ ಸ್ಲ್ಯಾಷ್ 28 ಸಬ್‌ನೆಟ್ ಮಾಡಿದೆ. 14 ಬರಬೇಕು. ಪರದೆಯ ಮೇಲೆ 11 ಅಂತ ತೋರಿಸುತ್ತಿದೆ.

ಉತ್ತರ: ನೀವು ಬಳಸುತ್ತಿರುವುದು ಎಡಬ್ಲ್ಯುಎಸ್, ಅಂದರೆ ಅಮೆಜಾನ್‌ನ ಕ್ಲೌಡ್, ಇರಬೇಕು. ಅಲ್ಲಿ ಪ್ರತಿ ಸಬ್‌ನೆಟ್‌ನ ಮೊದಲ ನಾಲ್ಕು ವಿಳಾಸ ಮತ್ತು ಕೊನೆಯ ಒಂದು ಅವರದು. ಸೊನ್ನೆ ಸಬ್‌ನೆಟ್‌ನ ಹೆಸರು, 1 ಅವರ ರೂಟರ್, 2 ಡಿಎನ್‌ಎಸ್‌ಗೆ (ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ), 3 ಮುಂದೆ ಬೇಕಾದರೆ ಇರಲಿ ಅಂತ. ಕೊನೆಯದು ಬ್ರಾಡ್‌ಕಾಸ್ಟ್ ವಿಳಾಸ. ತಮಾಷೆ ಅಂದರೆ ಅಲ್ಲಿ ಬ್ರಾಡ್‌ಕಾಸ್ಟ್ ನಡೆಯುವುದೇ ಇಲ್ಲ, ಆದರೂ ವಿಳಾಸ ಕೊಡುವುದಿಲ್ಲ. 16ರಲ್ಲಿ 5 ಹೋದರೆ 11. ಮೈಕ್ರೋಸಾಫ್ಟ್‌ನ ಅಝೂರ್‌ನಲ್ಲೂ 5 ಹೋಗುತ್ತದೆ, ಗೂಗಲ್ ಕ್ಲೌಡ್‌ನಲ್ಲಿ 4. ಸ್ಲ್ಯಾಷ್ 24ರಲ್ಲಿ ಇದು ಗೊತ್ತೂ ಆಗುವುದಿಲ್ಲ, 251 ಸಿಗುತ್ತದೆ. ಸಣ್ಣ ಸಬ್‌ನೆಟ್‌ನಲ್ಲಿ ಸುಮಾರು ಮೂರನೇ ಒಂದು ಪಾಲೇ ಹೋಯಿತು.

ಪ್ರಶ್ನೆ: ಸ್ಲ್ಯಾಷ್ 31ಕ್ಕೆ ದುಪ್ಪಟ್ಟು ಮಾಡಿ ಎರಡು ಕಳೆಯುವ ಸೂತ್ರ ಹಾಕಿದರೆ ಸೊನ್ನೆ ಬರುತ್ತದೆ. ಆದರೆ ನಮ್ಮ ರೂಟರ್‌ನಲ್ಲಿ ಸ್ಲ್ಯಾಷ್ 31 ಹಾಕಿದ್ದಾರೆ, ಕೆಲಸವೂ ಮಾಡುತ್ತಿದೆ.

ಉತ್ತರ: ತಂತಿಯ ಎರಡು ತುದಿಯಲ್ಲಿ ಇಬ್ಬರೇ ಇದ್ದರೆ "ಎಲ್ಲರಿಗೂ" ಅಂತ ಕೂಗುವ ವಿಳಾಸ ಯಾಕೆ? 2000ದ ಡಿಸೆಂಬರ್‌ನ ಆರ್‌ಎಫ್‌ಸಿ 3021 ಇದನ್ನೇ ಹೇಳಿತು. ಎರಡೇ ತುದಿ ಇರುವ ಲಿಂಕ್‌ನಲ್ಲಿ ಸ್ಲ್ಯಾಷ್ 31ರ ಎರಡೂ ವಿಳಾಸ ಬಳಸಬಹುದು, ಏನೂ ಕಳೆಯಬೇಕಿಲ್ಲ. ಸ್ಲ್ಯಾಷ್ 32ಕ್ಕೆ ಸೂತ್ರ ಹಾಕಲು ಹೋಗಬೇಡಿ, ಮೈನಸ್ ಒಂದು ಬರುತ್ತದೆ. ಅದು ಒಂದೇ ಒಂದು ಸಾಧನದ ವಿಳಾಸ.

ಪ್ರಶ್ನೆ: ಐಪಿವಿ6ರಲ್ಲಿ ಒಂದು ಸಬ್‌ನೆಟ್‌ಗೆ ಎಷ್ಟು ಸಾಧನ?

ಉತ್ತರ: ಐಪಿವಿ6 ಅಂದರೆ ಐಪಿ ವಿಳಾಸದ ಹೊಸ ಪದ್ಧತಿ. ಅಲ್ಲಿ ವಿಳಾಸ 128 ಬಿಟ್, ಸಾಮಾನ್ಯ ಸಬ್‌ನೆಟ್ ಸ್ಲ್ಯಾಷ್ 64. ಅರವತ್ತನಾಲ್ಕು ಸಲ ದುಪ್ಪಟ್ಟು ಮಾಡಲು ನನ್ನ ಬೆರಳು ಸಾಲುವುದಿಲ್ಲ. ಬರೆದು ತೋರಿಸುತ್ತೇನೆ: 18,446,744,073,709,551,616. ಇಷ್ಟು ಹೊತ್ತು ನೋಡಿದ 32 ಬಿಟ್‌ನ ಹಳೆಯ ಪದ್ಧತಿ, ಅಂದರೆ ಐಪಿವಿ4, ಅದರ ಇಡೀ ಲೋಕದಲ್ಲಿ ಇರುವುದೇ 4,294,967,296 ವಿಳಾಸ. ಅಂಥ 4,294,967,296 ಲೋಕಗಳು ಈ ಒಂದು ಸಬ್‌ನೆಟ್‌ನಲ್ಲಿ ಕೂರುತ್ತವೆ. ಬ್ರಾಡ್‌ಕಾಸ್ಟ್ ಕೂಡ ಇಲ್ಲ, ಹಾಗಾಗಿ ಕೊನೆಯ ವಿಳಾಸವನ್ನು ಅದಕ್ಕಾಗಿ ಕಳೆಯುವ ಪ್ರಶ್ನೆಯೂ ಇಲ್ಲ. ಅಲ್ಲಿ ಕೇಳಬೇಕಾದ ಲೆಕ್ಕವೇ ಬೇರೆ, ನಿಮಗೆ ಎಷ್ಟು ಸಬ್‌ನೆಟ್ ಸಿಕ್ಕಿವೆ ಅನ್ನುವುದು. ಇಂಟರ್‌ನೆಟ್ ಕೊಡುವವರು ಸ್ಲ್ಯಾಷ್ 56 ಕೊಟ್ಟರೆ 8 ಬಿಟ್ ಆಟಕ್ಕೆ ಸಿಕ್ಕಿತು, 256 ಸಬ್‌ನೆಟ್. ಸ್ಲ್ಯಾಷ್ 48 ಆದರೆ 65,536. ಸ್ಲ್ಯಾಷ್ 64 ಮಾತ್ರ ಕೊಟ್ಟಿದ್ದರೆ ಒಂದೇ ಒಂದು. ಫೋನ್‌ಗಳಿಗೆ ಬೇರೆ, ಕ್ಯಾಮೆರಾಗಳಿಗೆ ಬೇರೆ ಅಂತ ಭಾಗ ಮಾಡುವ ಯೋಚನೆ ಇದ್ದರೆ ಸಂಪರ್ಕ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ.